ಪಾತ್ರ ಕೊಡಿ, ಭೀಮನ ಪಾತ್ರ ಬೇಡ

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣ ತಾಲೂಕಿನ ಒಂದು ಹಳ್ಳಿ. ಈ ಸಲ ಊರಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡುತ್ತಿದ್ದೇವೆ. ನಮ್ಮೂರಿನವರೊಬ್ಬರಿಗೆ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗಿತ್ತು. ಮೈಸೂರು ಜೈಲಿನಲ್ಲಿ 15 ವರ್ಷ ಇದ್ದು, ಸನ್ನಡತೆ ಮೇಲೆ ಬಿಡುಗಡೆಯಾಗಿ ಬಂದು ಎರಡು ವರ್ಷವಾಯಿತು. ತೆಂಗಿನ ತೋಟದ ಬದುವಿನ ಜಗಳದಲ್ಲಿ ದೊಣ್ಣೆಯಿಂದ ಹೊಡೆದದ್ದು. ಸತ್ತವರ ಹೆಂಡತಿ, ಮಕ್ಕಳು ಪಕ್ಕದ ಊರಿನಲ್ಲೇ ಇದ್ದಾರೆ. ಜೈಲಿಗೆ ಹೋಗುವ ಮುಂಚೆ ನಮ್ಮೂರಿನ ಭೀಮ ಎಂದರೆ ಇವರೇ. ಕಂಠ ಈಗಲೂ ಹಾಗೇ ಇದೆ. ಮತ್ತೆ ಭೀಮನ ಪಾತ್ರ ಕೇಳುತ್ತಿದ್ದಾರೆ. ಸಂಘದಲ್ಲಿ ಅರ್ಧ ಜನ ಕೊಡೋಣ ಅನ್ನುತ್ತಾರೆ, ಅರ್ಧ ಜನ ಬೇಡವೇ ಬೇಡ ಅನ್ನುತ್ತಾರೆ. ಕಾನೂನಿನ ತೊಂದರೆ ಏನಾದರೂ ಇದೆಯಾ? ಕರಪತ್ರದಲ್ಲಿ ಅವರ ಹೆಸರು, ಫೋಟೋ ಹಾಕಬಹುದಾ?

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅವರನ್ನು ನಾಟಕಕ್ಕೆ ಸೇರಿಸಿಕೊಳ್ಳಿ. ಭೀಮನ ಪಾತ್ರ ಕೊಡಬೇಡಿ. ಮತ್ತೆ, ಪಾತ್ರ ಹಂಚುವ ಮುಂಚೆ ಪಕ್ಕದ ಊರಿನ ಆ ಮನೆಗೆ ಒಂದು ಸಲ ಹೋಗಿಬನ್ನಿ.

ನಾನು ಹಾಸನದ ಕೋರ್ಟಿನಲ್ಲಿ 28 ವರ್ಷದಿಂದ ಕ್ರಿಮಿನಲ್ ಕೇಸುಗಳನ್ನು ನಡೆಸುತ್ತಿದ್ದೇನೆ. ಹುಟ್ಟಿದ್ದು ಅರಸೀಕೆರೆ ಕಡೆ. ನಮ್ಮ ತಂದೆ ಊರಿನ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಪೆಟ್ಟಿಗೆ ಪಕ್ಕದಲ್ಲೇ ಮಲಗಿ ಬೆಳೆದವನು ನಾನು. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ನನಗೆ ಎರಡು ಜಾಗಗಳು ಒಟ್ಟಿಗೆ ಕಾಣಿಸಿದವು, ಕಟಕಟೆ ಮತ್ತು ನಾಟಕದ ಅಟ್ಟ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ, ಅದು ನೀವು ಅಂದುಕೊಂಡಷ್ಟು ಕಷ್ಟದ್ದಲ್ಲ. ಶಿಕ್ಷೆ ಅನುಭವಿಸಿದವರು ನಾಟಕ ಆಡಬಾರದು, ಹಾಡಬಾರದು ಅಂತ ನಮ್ಮ ದೇಶದಲ್ಲಿ ಕಾನೂನು ಇಲ್ಲ. ಚುನಾವಣೆಗೆ ನಿಲ್ಲುವವರಿಗೆ ಅಂಥದ್ದು ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಕಲಂ ಪ್ರಕಾರ, ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದವರು ಬಿಡುಗಡೆಯಾದ ಮೇಲೂ 6 ವರ್ಷ ಸ್ಪರ್ಧಿಸುವ ಹಾಗಿಲ್ಲ. ಕಲಾವಿದರಿಗೆ ಹಾಗೆ ಗಡುವು ಹಾಕಿದವರು ಯಾರೂ ಇಲ್ಲ. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡಬಾರದು ಅಂತ ಸಂವಿಧಾನದ 20ನೇ ವಿಧಿ ಹೇಳುತ್ತದೆ. ಅದು ಸರ್ಕಾರಕ್ಕೆ ಹೇಳಿದ ಮಾತು, ನಾಟಕ ಸಂಘಕ್ಕಲ್ಲ. ನೀವು ಪಾತ್ರ ಕೊಡದಿದ್ದರೆ ಅವರು ಕೋರ್ಟಿಗೆ ಹೋಗೋಕೆ ಆಗಲ್ಲ. ಕೊಟ್ಟರೆ ಬೇರೆಯವರೂ ಹೋಗೋಕೆ ಆಗಲ್ಲ. ತೀರ್ಮಾನ ನಿಮ್ಮದೇ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಅವರು ಪೂರ್ತಿ ಶಿಕ್ಷೆ ಮುಗಿಸಿ ಬಂದವರಲ್ಲ. ಜೀವಾವಧಿ ಅಂದರೆ 14 ವರ್ಷ ಅಂತ ನಮ್ಮ ಜನ ಸುಮ್ನೆ ಹೇಳುತ್ತಾರೆ. ಅದು ತಪ್ಪು. ಜೀವಾವಧಿ ಅಂದರೆ ಜೀವ ಇರುವವರೆಗೆ. ಕೊಲೆಯಂಥ ಕೇಸಿನಲ್ಲಿ 14 ವರ್ಷ ಒಳಗಿರುವ ಮುಂಚೆ ಸರ್ಕಾರ ಮಾಮೂಲಿಯಾಗಿ ಬಿಡುಗಡೆ ಮಾಡುವ ಹಾಗಿಲ್ಲ ಅಂತ ಕಾನೂನಿನಲ್ಲಿದೆ, ಅಷ್ಟೇ. ಇವರನ್ನು ಬಿಟ್ಟಿರುವುದು ರಿಯಾಯಿತಿ ಮೇಲೆ. ಬಿಡುಗಡೆ ಆದೇಶದಲ್ಲಿ ಷರತ್ತುಗಳಿದ್ದರೆ, ಅವನ್ನು ಮೀರಿದ ದಿನ ಸರ್ಕಾರ ರಿಯಾಯಿತಿ ರದ್ದು ಮಾಡಬಹುದು. ವಾರಂಟ್ ಇಲ್ಲದೆಯೇ ಹಿಡಿದು ಉಳಿದ ಶಿಕ್ಷೆಗೆ ವಾಪಸ್ ಕಳಿಸಬಹುದು. ಹಳೇ ಸಿಆರ್‌ಪಿಸಿಯಲ್ಲಿ, ಅಂದರೆ ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾಯ್ದೆಯಲ್ಲಿ, ಅದು 432ನೇ ಕಲಂ. ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರುವ ಬಿಎನ್‌ಎಸ್‌ಎಸ್‌ನಲ್ಲಿ 473.

ಇದನ್ನು ಯಾಕೆ ಹೇಳಿದೆ ಅಂದರೆ, ನಾಟಕದ ರಾತ್ರಿ ಆ ಕಡೆಯ ಹುಡುಗನೊಬ್ಬ ಕುಡಿದು ಬಂದು ಕೆಣಕಿದ ಅಂತಿಟ್ಟುಕೊಳ್ಳಿ. ಇವರು ಕೈ ಎತ್ತಿದರು. ಬೇರೆಯವರಿಗಾದರೆ ಅದೊಂದು ಸಣ್ಣ ಗಲಾಟೆ, ಬೆಳಗ್ಗೆ ಠಾಣೆಯಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಬರುತ್ತಾರೆ. ಇವರಿಗೆ ಹಾಗಲ್ಲ, ಮಿಕ್ಕ ಆಯಸ್ಸೇ ಹೋಗಬಹುದು. ಆದೇಶದ ಪ್ರತಿ ಅವರ ಹತ್ತಿರ ಇರುತ್ತದೆ. ಅದನ್ನು ಓದಿ ನೋಡಿ, ಗೊತ್ತಾಗದಿದ್ದರೆ ವಕೀಲರೊಬ್ಬರಿಗೆ ತೋರಿಸಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಇಂಥವರಿಗೆ ಎರಡನೇ ಅವಕಾಶ ಕೊಡಬೇಕಾ ಅಂತ ಕೇಳಿದಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಕಲೆಸಿಬಿಡುತ್ತೇವೆ. ಒಂದು, ಬದುಕುವುದು. ದುಡಿಯುವುದು, ಹಾಡುವುದು, ನಾಲ್ಕು ಜನರ ಜೊತೆ ಕೂರುವುದು. ಇನ್ನೊಂದು, ಮೆರೆಯುವುದು. ಮೊದಲನೆಯದು ಜೈಲಿನಿಂದ ಹೊರಗೆ ಬಂದವರ ಹಕ್ಕು ಅಂತಲೇ ನಾನು ನಂಬಿದ್ದೇನೆ. ಎರಡನೆಯದು ಯಾರ ಹಕ್ಕೂ ಅಲ್ಲ. ಅದು ಬೇರೆಯವರು ಕೊಡುವಂಥದ್ದು. ಕೊಡುವಾಗ ಯಾರ ಎದುರಿಗೆ ಕೊಡುತ್ತಿದ್ದೇವೆ ಅಂತ ನೋಡಲೇಬೇಕು.

ಬೆಂಗಳೂರಿನ ರಂಗಮಂದಿರದ ನಾಟಕವಾಗಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಟಿಕೆಟ್ ತಗೊಂಡು ಬರುವವರು ಬರುತ್ತಾರೆ, ಬೇಡದವರು ಬರಲ್ಲ. ನಮ್ಮ ಕಡೆಯ ಕುರುಕ್ಷೇತ್ರ ಹಾಗಲ್ಲ, ನಿಮಗೆ ಗೊತ್ತೇ ಇದೆ. ರಾತ್ರಿ ಒಂಬತ್ತೂವರೆಗೆ ಶುರುವಾದರೆ ಬೆಳಗಾಗುವವರೆಗೆ. ಮೈಕಿನ ಹಾರನ್ನು ತೆಂಗಿನ ಮರಕ್ಕೆ ಕಟ್ಟುತ್ತಾರೆ, ನಾಲ್ಕು ದಿಕ್ಕಿಗೆ ನಾಲ್ಕು. ಭೀಮ ಒಂದು ಕಂದ ಪದ್ಯ ಹಾಡಿ ಮುಗಿಸುವಷ್ಟರಲ್ಲಿ ಸೀನು ನಿಲ್ಲುತ್ತದೆ. ಭಾವಮೈದುನರು, ದೋಸ್ತಿಗಳು ಅಟ್ಟ ಹತ್ತುತ್ತಾರೆ. ಸೇಬಿನ ಹಾರ, ನೋಟಿನ ಹಾರ, ಶಾಲು. ದುಶ್ಯಾಸನ ಪಕ್ಕಕ್ಕೆ ಸರಿದು ಬೆವರು ಒರೆಸಿಕೊಳ್ಳುತ್ತಾ ನಿಂತಿರುತ್ತಾನೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ, ‘ಕಲಾವಿದರ ಅಮೋಘ ಅಭಿನಯವನ್ನು ಮೆಚ್ಚಿ...’ ಅಂತ. ಆ ಸದ್ದು ಎರಡು ಮೈಲಿ ಹೋಗುತ್ತದೆ.

ಪಕ್ಕದ ಊರಿನಲ್ಲಿ ಆ ಹೆಂಗಸು ನಾಟಕಕ್ಕೆ ಬರದೆ ಬಾಗಿಲು ಹಾಕಿಕೊಂಡು ಮಲಗಬಹುದು. ಕಿವಿಗೆ ಬಾಗಿಲು ಎಲ್ಲಿದೆ? ರಾತ್ರಿ ಎರಡು ಗಂಟೆಗೆ, ತನ್ನ ಗಂಡನನ್ನು ದೊಣ್ಣೆಯಿಂದ ಹೊಡೆದು ಕೊಂದವನ ಗಂಟಲು ಕೇಳುತ್ತದೆ. ಗದೆ ಹಿಡಿದು, ದುಶ್ಯಾಸನನ ಎದೆ ಸೀಳುತ್ತೇನೆ, ದುರ್ಯೋಧನನ ತೊಡೆ ಮುರಿಯುತ್ತೇನೆ ಅಂತ ಅವನು ಆರ್ಭಟಿಸುವುದು ಕೇಳುತ್ತದೆ. ಆಮೇಲೆ ಜನರ ಚಪ್ಪಾಳೆ, ಸಿಳ್ಳೆ. ಆಮೇಲೆ ‘ಒನ್ಸ್ ಮೋರ್’.

ಭೀಮ ಬೇಡ ಅಂದಿದ್ದು ಇದಕ್ಕೇ. ಅವರಿಗೆ ಆ ಪಾತ್ರ ಮಾಡುವ ಯೋಗ್ಯತೆ ಇಲ್ಲ ಅಂತಲ್ಲ. ವಿದುರನ ಪಾತ್ರ ಇದೆ, ಧರ್ಮರಾಯನದ್ದಿದೆ. ಕಂಠ ಅಷ್ಟು ಚೆನ್ನಾಗಿದ್ದರೆ ಸಾತ್ಯಕಿಗೂ ಒಳ್ಳೇ ಹಾಡುಗಳಿವೆ. ನನ್ನ ಕೇಳಿದರೆ ವಿದುರ. ಗದೆ ಇಲ್ಲ, ಬಿಲ್ಲಿಲ್ಲ, ಹಾಡೋಕೆ ಬೇಕಾದಷ್ಟಿದೆ.

ಹಾರದ ವಿಷಯಕ್ಕೆ ಒಂದು ಸುಲಭದ ದಾರಿ ಇದೆ. ಈ ಸಲ ನಾಟಕದ ನಡುವೆ ಯಾರಿಗೂ ಹಾರ ಇಲ್ಲ, ಯಾರ ಹೆಸರನ್ನೂ ಕೂಗಲ್ಲ ಅಂತ ಸಂಘದವರೇ ನಿಯಮ ಮಾಡಿ. ಅವರೊಬ್ಬರಿಗೇ ಬೇಡ ಅಂದರೆ ಅದು ಅವಮಾನ. ಎಲ್ಲರಿಗೂ ಬೇಡ ಅಂದರೆ ನಾಟಕವೂ ಎರಡು ಗಂಟೆ ಬೇಗ ಮುಗಿಯುತ್ತದೆ. ದುರ್ಯೋಧನನ ಪಾತ್ರಕ್ಕೆ ಎಲ್ಲರಿಗಿಂತ ಜಾಸ್ತಿ ದುಡ್ಡು ಕಟ್ಟಿದವರು ಬೇಜಾರು ಮಾಡಿಕೊಳ್ಳುತ್ತಾರೆ, ಗೊತ್ತು. ಅವರಿಗೆ ವಿಷಯ ಬಿಡಿಸಿ ಹೇಳಿ. ಒಪ್ಪುತ್ತಾರೆ.

ದುಡ್ಡು ಅಂದಾಗ ಇನ್ನೊಂದು ನೆನಪಾಯಿತು. ನಮ್ಮಲ್ಲಿ ಪಾತ್ರಕ್ಕೆ ಪಾತ್ರಧಾರಿಯೇ ಹಣ ಕಟ್ಟಬೇಕು, ಅಲ್ವಾ? ನಾಟಕ ಕಲಿಸುವ ಮೇಷ್ಟ್ರ ಸಂಬಳ, ಸೀನರಿ, ಡ್ರೆಸ್ಸು, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳ ಸಂಭಾವನೆ ಎಲ್ಲಾ ಅದರಲ್ಲೇ ಆಗಬೇಕು. 15 ವರ್ಷ ಒಳಗಿದ್ದು ಬಂದವರ ಹತ್ತಿರ ಆ ದುಡ್ಡು ಎಲ್ಲಿಂದ ಬರುತ್ತದೆ? ಸಾಲ ಮಾಡಿ ಕಟ್ಟುತ್ತೇನೆ ಅಂದರೆ ಒಪ್ಪಬೇಡಿ. ಇನ್ನೂ ಒಂದು ಕೆಲಸ ಮಾಡಿ. ತೀರ್ಪಿನ ಕೊನೆಯ ಪುಟ ನೋಡಿ. ಎಷ್ಟೋ ಕೇಸುಗಳಲ್ಲಿ ಕೋರ್ಟು ದಂಡ ಹಾಕಿ, ಅದರಲ್ಲಿ ಇಷ್ಟನ್ನು ಸತ್ತವರ ಮನೆಯವರಿಗೆ ಕೊಡಬೇಕು ಅಂತ ಬರೆದಿರುತ್ತದೆ. ಇವರ ಕೇಸಿನಲ್ಲಿ ಹಾಗೆ ಬರೆದಿದ್ದರೆ ಆ ದುಡ್ಡು ಆ ಮನೆ ಸೇರಿದೆಯಾ ಕೇಳಿ. ಸೇರಿಲ್ಲ ಅಂದರೆ ಪಾತ್ರದ ದುಡ್ಡಿಗಿಂತ ಮೊದಲು ಅದು ಹೋಗಬೇಕು.

ಈಗ ಆ ಮನೆಗೆ ಹೋಗುವ ವಿಷಯ. ಇಲ್ಲಿ ಜನ ಜಾಸ್ತಿ ತಪ್ಪು ಮಾಡುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಾತ್ರ ಕೇಳುತ್ತಿರುವವರನ್ನು ಕರೆದುಕೊಂಡು ಹೋಗಬೇಡಿ. ಕಾಲಿಗೆ ಬೀಳಿಸುವುದು, ‘ಆಗಿದ್ದಾಯಿತು, ಕ್ಷಮಿಸಿಬಿಡಮ್ಮ’ ಅನ್ನುವುದು, ನಾಲ್ಕು ಜನ ಯಜಮಾನರು ಜಗುಲಿ ಮೇಲೆ ಕೂತು ರಾಜಿ ಪಂಚಾಯ್ತಿ ಮಾಡುವುದು, ಯಾವುದೂ ಬೇಡ. ನಾನು ಅಂಥ ಪಂಚಾಯ್ತಿಗಳನ್ನು ನೋಡಿದ್ದೇನೆ. ಎಲ್ಲರ ಮುಂದೆ ಆ ಹೆಂಗಸು ‘ಆಯ್ತು’ ಅನ್ನುತ್ತಾಳೆ. ಒಳಗೆ ಹೋಗಿ ಅಳುತ್ತಾಳೆ. ಕ್ಷಮಿಸುವುದು, ಬಿಡುವುದು ಆಕೆಗೆ ಬಿಟ್ಟಿದ್ದು. ಆಕೆ ಸಾಯುವವರೆಗೂ ಕ್ಷಮಿಸದಿದ್ದರೂ ಅದು ತಪ್ಪಲ್ಲ. ನಿಮ್ಮ ನಾಟಕಕ್ಕೋಸ್ಕರ ಆಕೆ ದೊಡ್ಡ ಮನಸ್ಸು ಮಾಡಬೇಕು ಅಂತ ಕೇಳುವ ಅಧಿಕಾರ ನಮಗ್ಯಾರಿಗೂ ಇಲ್ಲ.

ಇಬ್ಬರೇ ಹೋಗಿ. ಒಬ್ಬರು ಹೆಂಗಸಾಗಿದ್ದರೆ ಒಳ್ಳೆಯದು, ಆಕೆಗೆ ಪರಿಚಯ ಇರುವವರು. ಒಪ್ಪಿಗೆ ಕೇಳಬೇಡಿ, ವಿಷಯ ತಿಳಿಸಿ. ‘ಇಂಥ ದಿನ ನಾಟಕ ಇದೆ. ಅವರೂ ಇರುತ್ತಾರೆ. ಭೀಮ ಮಾಡಲ್ಲ. ಹಾರ ಇರಲ್ಲ. ನಿಮ್ಮ ಊರಿನ ದಿಕ್ಕಿಗೆ ಮೈಕು ಕಟ್ಟಲ್ಲ. ಬೇರೆಯವರ ಬಾಯಲ್ಲಿ ಕೇಳಬಾರದು ಅಂತ ನಾವೇ ಬಂದೆವು.’ ಇಷ್ಟು ಸಾಕು. ಆಮೇಲೆ ಸುಮ್ಮನೆ ಕೂತು ಆಕೆ ಹೇಳುವುದನ್ನು ಕೇಳಿ. ಬೈದರೆ ಬೈಸಿಕೊಳ್ಳಿ.

‘ಬೇಡ’ ಅಂತ ಆಕೆ ಖಡಾಖಂಡಿತ ಹೇಳಿಬಿಟ್ಟರೆ? ಆ ಮಾತಿಗೆ ಬೆಲೆ ಇದೆ. ಆದರೆ ಅದು ಎಲ್ಲಿಗೆ ಅನ್ವಯ ಅಂತ ನೋಡಬೇಕು. ಆ ವ್ಯಕ್ತಿ ಇನ್ನೆಂದೂ ಎಲ್ಲೂ ಹಾಡಬಾರದು ಅಂತ ಹೇಳುವಷ್ಟು ದೂರಕ್ಕೆ ಅದು ಹೋಗಲ್ಲ. ತನ್ನ ಕಿವಿಗೆ ಬೀಳುವ ಜಾಗದಲ್ಲಿ ಬೇಡ ಅಂದರೆ, ಅಷ್ಟನ್ನು ನಾವು ಕೇಳಲೇಬೇಕು. ಈ ವರ್ಷ ಊರಹಬ್ಬದಲ್ಲಿ ಅವರು ಅಟ್ಟ ಹತ್ತದಿರಲಿ. ಅದೇ ನಾಟಕವನ್ನು ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಆಡಿಸಿ, ಅಥವಾ ದೂರದ ಹೋಬಳಿಯಲ್ಲಿ ಆಡಿಸಿ, ಅಲ್ಲಿ ವಿದುರನ ಪಾತ್ರ ಮಾಡಲಿ. ಅವರಿಗೆ ನಿಜವಾಗಿ ಹಾಡುವ ಆಸೆ ಇದ್ದರೆ ಅಷ್ಟು ದೂರ ಹೋಗುತ್ತಾರೆ. ನಮ್ಮೂರ ಅಟ್ಟದ ಮೇಲೇ ನಿಲ್ಲಬೇಕು, ಆ ಮನೆಯವರ ಎದುರಿಗೇ ನಿಲ್ಲಬೇಕು ಅಂತ ಹಟ ಹಿಡಿದರೆ ಅವರಿಗೆ ಬೇಕಾಗಿರುವುದು ನಾಟಕ ಅಲ್ಲ, ಇನ್ನೇನೋ. ಆಗ ನಿಮ್ಮ ಸಂಘದ ಇನ್ನರ್ಧ ಜನ ಹೇಳುತ್ತಿರುವುದೇ ಸರಿ.

ಮನುಷ್ಯ ಬದಲಾಗಿದ್ದಾನಾ ಅಂತ ಹೇಗೆ ತಿಳಿಯುವುದು ಅಂತ ನೀವು ಕೇಳಿಲ್ಲ. ಆದರೆ ಬೇಡ ಅನ್ನುವವರ ಮನಸ್ಸಿನಲ್ಲಿ ಇರುವುದು ಅದೇ. ನಾಟಕದವರಿಗೆ ಅದನ್ನು ನೋಡುವ ಒಳ್ಳೇ ಅನುಕೂಲ ಇದೆ, ತಾಲೀಮು. ಮೂರು ತಿಂಗಳು ದಿನಾ ರಾತ್ರಿ. ಮೇಷ್ಟ್ರು ಎಲ್ಲರ ಮುಂದೆ ‘ತಾಳ ತಪ್ಪಿದೆ, ಇನ್ನೊಂದ್ಸಲ’ ಅಂತ ಗದರಿದಾಗ ಮುಖ ಹೇಗಾಗುತ್ತದೆ ನೋಡಿ. ತನಗಿಂತ 20 ವರ್ಷ ಚಿಕ್ಕವನು ಅರ್ಜುನನ ಪಾತ್ರದಲ್ಲಿ ಮುಂದೆ ನಿಂತಾಗ ಹಿಂದಕ್ಕೆ ಸರಿದು ಜಾಗ ಕೊಡುತ್ತಾರಾ ನೋಡಿ. ಕುಡಿದು ಬರುತ್ತಾರಾ ನೋಡಿ. ಜೈಲಿನ ಸನ್ನಡತೆ ಸರ್ಟಿಫಿಕೇಟಿಗಿಂತ ನಾನು ಇದನ್ನು ಜಾಸ್ತಿ ನಂಬುತ್ತೇನೆ.

ನಾಟಕ ಮನುಷ್ಯನನ್ನು ಸ್ವಲ್ಪವಾದರೂ ತಿದ್ದುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ನಮ್ಮ ರಾಜ್ಯದ ಜೈಲುಗಳಲ್ಲಿ ಕೈದಿಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ನಾಟಕ ಮಾಡಿಸಿದರು. ಗಿರೀಶ ಕಾರ್ನಾಡರ ‘ತಲೆದಂಡ’ವನ್ನು ಕೈದಿಗಳು ಆಡಿದರು. ಪೊಲೀಸ್ ಕಾವಲಿನಲ್ಲಿ ಹೊರಗಿನ ರಂಗಮಂದಿರಗಳಿಗೂ ಬಂದು ಆಡಿದರು. ಕೋಲ್ಕತ್ತದಲ್ಲಿ ನೃತ್ಯ ಕಲಾವಿದೆ ಅಲೋಕಾನಂದ ರಾಯ್ ಜೈಲಿನವರಿಂದ ಟ್ಯಾಗೋರರ ‘ವಾಲ್ಮೀಕಿ ಪ್ರತಿಭಾ’ ಮಾಡಿಸಿದರು. ಅದರಲ್ಲಿ ಮುಖ್ಯ ಪಾತ್ರ ಮಾಡಿದ ನೈಜೆಲ್ ಅಕ್ಕಾರಾ ಹೊರಗೆ ಬಂದ ಮೇಲೆ 2012ರಲ್ಲಿ ‘ಮುಕ್ತಧಾರಾ’ ಅನ್ನುವ ಬಂಗಾಳಿ ಸಿನಿಮಾದ ನಾಯಕನಾದರು. ಒಳಗಿದ್ದಾಗ ನಾಟಕ ಮಾಡಿಸಿ, ಚಪ್ಪಾಳೆ ತಟ್ಟಿ, ಹೊರಗೆ ಬಂದ ದಿನ ಅಟ್ಟ ಹತ್ತಬೇಡ ಅನ್ನುವುದು ಯಾವ ನ್ಯಾಯ?

ಎಲ್ಲಾ ಅಪರಾಧಕ್ಕೂ ನನ್ನ ಉತ್ತರ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ನಿಮ್ಮೂರಿನವರು ಮಾಡಿದ್ದು ಘೋರ ತಪ್ಪು. ಆದರೆ ಅದಕ್ಕೂ ನಾಟಕಕ್ಕೂ ಸಂಬಂಧ ಇರಲಿಲ್ಲ. ಕಲೆಯನ್ನೇ ಬಲೆ ಮಾಡಿಕೊಂಡವರ ವಿಷಯ ಬೇರೆ. ಅಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ತುಂಬಾ ವರ್ಷದ ಹಿಂದಿನ ಮಾತು. ಮಕ್ಕಳಿಗೆ ರಂಗಗೀತೆ ಕಲಿಸುತ್ತಿದ್ದ ಒಬ್ಬ ಮೇಷ್ಟ್ರಿದ್ದ. ಕಲಿಯಲು ಬಂದ ಹುಡುಗಿಯ ಜೊತೆ ಕೆಟ್ಟದಾಗಿ ನಡೆದುಕೊಂಡಿದ್ದಕ್ಕೆ ಅವನಿಗೆ ಶಿಕ್ಷೆಯಾಗಿತ್ತು. ಅವನ ವಕೀಲ ನಾನಲ್ಲ, ತೀರ್ಪು ಮಾತ್ರ ಓದಿದ್ದೆ. ಶಿಕ್ಷೆ ಮುಗಿಸಿ ಬಂದ. ಬೇರೆ ತಾಲೂಕಿನ ತಂಡದವರೊಬ್ಬರು ನನ್ನ ಹತ್ತಿರ ‘ಆ ಮನುಷ್ಯ ಹೇಗೆ ಸಾರ್?’ ಅಂತ ಕೇಳಿದರು. ‘ವಿದ್ಯೆ ಚೆನ್ನಾಗಿದೆ, ಏನೋ ಕೇಸಾಗಿತ್ತು, ಶಿಕ್ಷೆ ಮುಗಿದಿದೆ’ ಅಂದೆ. ಏನು ಕೇಸು ಅಂತ ಹೇಳಲಿಲ್ಲ. ಪಾಪ, ಬದುಕಿಕೊಳ್ಳಲಿ ಅಂತ ನನ್ನ ಲೆಕ್ಕ. ಅವರು ಅವನನ್ನು ಬೇಸಿಗೆ ಶಿಬಿರಕ್ಕೆ ಹಾಕಿಕೊಂಡರು. ಎರಡನೇ ವಾರಕ್ಕೆ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಹೋದಳು. ಆ ಮಗು ಶಿಬಿರ ಇದ್ದ ರಸ್ತೆಯಲ್ಲಿ ಹೋಗೋಕೂ ಹೆದರುತ್ತಿತ್ತಂತೆ.

ಅಂಥವನಿಗೂ ಬದುಕು ಬೇಕು, ಒಪ್ಪುತ್ತೇನೆ. ಅಂಗಡಿ ಇಡಲಿ, ದೊಡ್ಡವರ ಭಜನೆ ಮಂಡಳಿಯಲ್ಲಿ ಪೆಟ್ಟಿಗೆ ನುಡಿಸಲಿ. ಮಕ್ಕಳ ಹತ್ತಿರಕ್ಕೆ ಮಾತ್ರ ಯಾವತ್ತೂ ಬೇಡ. ಮಕ್ಕಳ ಜೊತೆ ದಿನಾ ವ್ಯವಹರಿಸುವ ಸಂಸ್ಥೆಗಳು ಸಿಬ್ಬಂದಿಯ ಬಗ್ಗೆ ಪೊಲೀಸ್ ಪರಿಶೀಲನೆ ಮಾಡಿಸಲೇಬೇಕು ಅಂತ ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 2020ರ ನಿಯಮಗಳಲ್ಲಿ ಬಂದಿದೆ. ಬೇಸಿಗೆ ಶಿಬಿರ ನಡೆಸುವವರು, ಡ್ಯಾನ್ಸ್ ಕ್ಲಾಸಿನವರು, ಯಕ್ಷಗಾನ ಕಲಿಸುವವರು ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ದ್ರೌಪದಿ, ರುಕ್ಮಿಣಿ ಪಾತ್ರಕ್ಕೆ ಹೊರಗಿನಿಂದ ಬರುವ ಹೆಣ್ಣುಮಕ್ಕಳ ವಿಷಯವೂ ಹಾಗೇ. ರಾತ್ರಿ ಹೊತ್ತು, ಗೊತ್ತಿಲ್ಲದ ಊರು, ಟಾರ್ಪಾಲು ಕಟ್ಟಿದ ಮೇಕಪ್ ರೂಮು. ಹೆಣ್ಣಿನ ಮೇಲಿನ ಅಪರಾಧಕ್ಕೆ ಶಿಕ್ಷೆಯಾದವರು ತಂಡದಲ್ಲಿದ್ದರೆ ಆ ಕಲಾವಿದೆಯರಿಗೆ ಮೊದಲೇ ಹೇಳಬೇಕು. ಬರುವುದು, ಬಿಡುವುದು ಅವರ ಇಷ್ಟ.

ನಿಮ್ಮ ಸಂಘದಲ್ಲಿ ‘ಬೇಡವೇ ಬೇಡ’ ಅನ್ನುವವರಿಗೆ ಒಂದು ಮಾತು. ಸಂಜಯ್ ದತ್ ಅವರಿಗೆ ಅಕ್ರಮವಾಗಿ ಶಸ್ತ್ರ ಇಟ್ಟುಕೊಂಡ ತಪ್ಪಿಗೆ 2007ರಲ್ಲಿ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟು 6 ವರ್ಷ ಶಿಕ್ಷೆ ಕೊಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು 5 ವರ್ಷಕ್ಕೆ ಇಳಿಸಿತು. 2016ರ ಫೆಬ್ರವರಿಯಲ್ಲಿ ಯೆರವಡಾ ಜೈಲಿನಿಂದ ಹೊರಗೆ ಬಂದರು. 2022ರಲ್ಲಿ ನಮ್ಮ ಕೆಜಿಎಫ್ ಎರಡನೇ ಭಾಗದಲ್ಲಿ ಅಧೀರನಾಗಿ ಬಂದಾಗ ಹಾಸನದಲ್ಲೂ ಜನ ನೋಡಿದರು, ನಾನೂ ನೋಡಿದೆ. ಅವರು ನಟಿಸಿದ್ದು ತಪ್ಪು ಅಂತ ನಾನು ಹೇಳಲ್ಲ. ಅವರು ಶಿಕ್ಷೆ ಮುಗಿಸಿದ್ದಾರೆ. ನನಗೆ ನೋವಾಗುವುದು ಬೇರೆ ಕಡೆ. ಹೆಸರು, ದುಡ್ಡು ಇದ್ದವರಿಗೆ ಬಾಗಿಲು ತಾನಾಗಿಯೇ ತೆರೆಯುತ್ತದೆ. ಕೇಸು ಇನ್ನೂ ನಡೆಯುತ್ತಿರುವಾಗಲೇ ಪಟಾಕಿ ಹೊಡೆದು ಮೆರವಣಿಗೆ ಮಾಡಿ ಹಾರ ಹಾಕುತ್ತೇವೆ. ವರ್ಷಗಟ್ಟಲೆ ಜೈಲಿನಲ್ಲಿದ್ದು, ತಲೆ ತಗ್ಗಿಸಿಕೊಂಡು ಬಂದು, ‘ಒಂದು ಪಾತ್ರ ಕೊಡಿ’ ಅಂತ ಕೇಳುವ ಹಳ್ಳಿಯವನಿಗೆ ಮಾತ್ರ ನಮಗೆ ಧರ್ಮ, ನೀತಿ ಎಲ್ಲಾ ನೆನಪಾಗುತ್ತದೆ.

ಕೊನೆಗೆ ಕರಪತ್ರದ ಪ್ರಶ್ನೆ. ಹೆಸರು ಹಾಕಿ. ಮುಚ್ಚಿಡೋಕೆ ಹೋದರೆ ಇನ್ನೂ ಕೆಟ್ಟದಾಗಿ ಹೊರಗೆ ಬರುತ್ತದೆ. ಪಾತ್ರದ ಮುಂದೆ ಹೆಸರು, ಎಲ್ಲರದ್ದೂ ಯಾವ ಅಳತೆಯ ಅಕ್ಷರದಲ್ಲಿದೆಯೋ ಅದೇ ಅಳತೆಯಲ್ಲಿ. ‘ಹಲವು ವರ್ಷಗಳ ನಂತರ ಮತ್ತೆ ರಂಗದ ಮೇಲೆ’ ಅಂತೆಲ್ಲ ಬೇಡ. ಫೋಟೋ ಬೇಡ. ಕರಪತ್ರವನ್ನು ಪಕ್ಕದ ಊರಿನ ಹಾಲಿನ ಡೈರಿ ಗೋಡೆಗೂ ಅಂಟಿಸುತ್ತೀರಿ, ಆ ಮನೆಯವರು ದಿನಾ ಎರಡು ಹೊತ್ತು ಅಲ್ಲಿಗೆ ಹಾಲು ಹಾಕೋಕೆ ಬರುತ್ತಾರೆ. ಫೋಟೋ ಯಾರದ್ದೂ ಹಾಕದಿದ್ದರೆ ಇನ್ನೂ ಒಳ್ಳೆಯದು.

ಅಚ್ಚಿಗೆ ಕೊಡುವ ಮುಂಚೆಯೇ ಆ ಮನೆಗೆ ಹೋಗಿಬನ್ನಿ. ಬೆಳಗ್ಗೆ ಡೈರಿಯ ಕೆಲಸ ಮುಗಿದು ಆಕೆ ಮನೆಗೆ ಬಂದ ಮೇಲೆ ಹೋಗಿ, ಆ ಹೊತ್ತಿಗೆ ಒಂದಿಷ್ಟು ಪುರುಸೊತ್ತು ಇರುತ್ತದೆ.